ಗಾಡಿಗೆ ಆರು, ನಡೆಯುವವರಿಗೆ ಸೊನ್ನೆ

ಚಟ್ಟದ ಹಗ್ಗ ಸಡಿಲವಾಗಿದೆಯೆಂದು ಹುಚ್ಚಣ್ಣ ಮೂರನೆಯ ಸಲ ಗಂಟು ಬಿಚ್ಚಿಸುತ್ತಿದ್ದಾಗ ಸೇತುವೆಯ ಮೇಲೆ ಟ್ರಾಕ್ಟರಿನ ಸದ್ದಾಯಿತು. ಹಿಂದಿನ ಟ್ರೇಲರಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಒಬ್ಬರ ಭುಜ ಒಬ್ಬರು ಹಿಡಿದು ನಿಂತಿದ್ದರು.

"ಯಾವೂರೋರ್ಲಾ ಅವ್ರು?" ಎಂದ ಹುಚ್ಚಣ್ಣ. ಎಂಬತ್ತು ದಾಟಿದ ಅವನಿಗೆ ದೂರದ್ದು ಕಾಣುತ್ತಿರಲಿಲ್ಲ. ಬೇಡದ್ದು ಹತ್ತಿರವಿದ್ದರೂ ಕಾಣುವುದಿಲ್ಲ ಎಂದು ಊರಿನವರು ಆಡಿಕೊಳ್ಳುತ್ತಿದ್ದರು.

ಬಿದಿರು ಹಿಡಿದುಕೊಂಡಿದ್ದ ಶಿವರಾಜು ಕತ್ತೆತ್ತಿ ನೋಡಿದ. ಅವನು ಸತ್ತ ಶ್ರೀರಂಗಯ್ಯನ ತಮ್ಮನ ಮಗ. ಗಂಡುಮಕ್ಕಳಿಲ್ಲದ ದೊಡ್ಡಪ್ಪನ ಕಾರ್ಯ ಅವನ ಪಾಲಿಗೆ ಬಂದಿತ್ತು. "ಬಾಳೆಕಟ್ಟೆಯೋರು ಕಣಜ್ಜ. ಮುಂದೆ ಕುಂತಿರೋರು ಅವ್ರೂರ ಯಜಮಾನ್ರು ತೋಂಟದಾರ್ಯಪ್ಪನೋರು," ಎಂದ.

ಹುಚ್ಚಣ್ಣನ ಕೈಯಿಂದ ಹಗ್ಗ ಜಾರಿತು. ಜಗಲಿಯ ಮೇಲೆ ಗಂಡನ ತಲೆಯ ಹತ್ತಿರ ಕುಳಿತಿದ್ದ ಭೂತಮ್ಮ ಊರಿನ ಹೆಸರು ಕೇಳಿದ್ದೇ ತಡ, ಮಡಿಲಲ್ಲಿದ್ದ ಬಟ್ಟೆಯ ಗಂಟನ್ನು ಸೆರಗಿನೊಳಗೆ ಎಳೆದುಕೊಂಡಳು.

ಶ್ರೀರಂಗಯ್ಯನದು ಒಳ್ಳೆಯ ಸಾವು ಎಂದು ಬೆಳಗಿನಿಂದ ಬಂದವರೆಲ್ಲ ಹೇಳಿದ್ದರು. ಎಪ್ಪತ್ತನಾಲ್ಕು ವರ್ಷ. ಹಿಂದಿನ ದಿನ ಮಧ್ಯಾಹ್ನ ಹುರುಳಿಸಾರಿನಲ್ಲಿ ಮುದ್ದೆ ಉಂಡು, ಹಿತ್ತಲ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಮಲಗಿದವನು ಸಂಜೆಯ ಕಾಫಿಗೆ ಏಳಲಿಲ್ಲ. ಆಸ್ಪತ್ರೆ, ಬಾಟಲಿ, ಮಕ್ಕಳ ಓಡಾಟ ಯಾವುದೂ ಇಲ್ಲದೆ ಮುಗಿದುಹೋಗಿತ್ತು. ರಸ್ತೆ ಇಲಾಖೆಯಲ್ಲಿ ದಿನಗೂಲಿಗೆ ಸೇರಿ, ಕಾಯಮ್ಮಾಗಿ, ಕಡೆಗೆ ವರ್ಕ್ ಇನ್‌ಸ್ಪೆಕ್ಟರ್ ಎನಿಸಿಕೊಂಡು ನಿವೃತ್ತನಾದವನು. ಊರಿನಲ್ಲಿ ಲೆಕ್ಕದ ರಂಗಯ್ಯ ಎಂದೇ ಹೆಸರು. ಮದುವೆ ಮನೆಯಲ್ಲಿ ಉಂಡು ಕೈ ತೊಳೆಯುತ್ತ, ಪಂಕ್ತಿಯಲ್ಲಿ ಎಷ್ಟು ಎಲೆ ಬಿದ್ದಿದ್ದವೆಂದು ಕೇಳದಿದ್ದರೂ ಹೇಳುವನು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಅಂಥವನು ಇಪ್ಪತ್ತೆಂಟು ವರ್ಷ ಬಾಳೆಕಟ್ಟೆಗೆ ಕಾಲಿಟ್ಟಿರಲಿಲ್ಲ. ಹುಳಿಯಾರಿನ ಬಸ್ಸು ಬಾಳೆಕಟ್ಟೆಯ ಮೇಲೆ ಹೋಗುತ್ತದೆಂದು ಗೊತ್ತಾದರೆ ಇಳಿದು ಇನ್ನೊಂದಕ್ಕೆ ಕಾಯುವನು. ತಿಪಟೂರಿನ ಕೊಬ್ಬರಿ ಹರಾಜಿನಲ್ಲಿ ಬಾಳೆಕಟ್ಟೆಯವರ ಚೀಲ ಪಕ್ಕಕ್ಕೆ ಬಂದು ಕೂತರೆ ತನ್ನ ಚೀಲಗಳನ್ನು ಎಳೆದುಕೊಂಡು ಆಚೆಗೆ ಸರಿಯುವನು. ಮಗಳು ಶಾಂತಕುಮಾರಿಗೆ ಆ ಊರಿನ ಹೈಸ್ಕೂಲು ಮೇಷ್ಟ್ರ ಸಂಬಂಧ ಬಂದಾಗ, ಜಾತಕ ಕೂಡಿ, ಕೊಡುವುದು ತರುವುದು ಏನೂ ಇಲ್ಲವೆಂದು ಅವರೇ ಹೇಳಿದ್ದರೂ, ಹುಡುಗನ ಕಿವಿ ದೊಡ್ಡದು ಎಂದು ತಳ್ಳಿಹಾಕಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ವಿಚಾರದಲ್ಲಿ ಕುಂಬಳಕಾಯಿ ಎಂದು ಯಾರೂ ಅಂದಿರಲೂ ಇಲ್ಲ. ಹೆಗಲು ಮಾತ್ರ ಸವೆದುಹೋಗಿತ್ತು.

ಕಾರಣ ಗೊತ್ತಿದ್ದದ್ದು ಮೂವರಿಗೆ. ಒಬ್ಬ ಸತ್ತು ಮಲಗಿದ್ದ. ಒಬ್ಬ ಚಟ್ಟ ಕಟ್ಟುತ್ತಿದ್ದ. ಉಳಿದವಳು ಭೂತಮ್ಮ.

ಟ್ರಾಕ್ಟರು ಬೇವಿನ ಮರದ ಕೆಳಗೆ ನಿಂತಿತು. ತೋಂಟದಾರ್ಯಪ್ಪ ಇಬ್ಬರ ಕೈ ಹಿಡಿದು ಇಳಿದರು. ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಊರುಗೋಲು. ಹೂವಿನ ಹಾರವನ್ನು ಹೆಣದ ಎದೆಯ ಮೇಲಿಟ್ಟು ಕೈಮುಗಿದು ಹಿಂದೆ ಸರಿದು ನಿಂತರು. ಭೂತಮ್ಮನ ಕಡೆ ತಿರುಗಿ, "ಮಣ್ಣಿಗೆ ಮುಂಚೆ ಒಂದು ಮಾತೈತೆ ತಾಯಿ," ಎಂದರು.

ಈ ಮುದ್ದಯ್ಯನಪಾಳ್ಯದಲ್ಲಿ ಒಂದು ಪದ್ಧತಿ ಇದೆ. ಚಟ್ಟ ಎತ್ತುವ ಮುಂಚೆ ಊರಿನ ಹಿರಿಯನೊಬ್ಬ, ಸತ್ತವನ ಹತ್ತಿರ ಮಾತು ಉಳಿಸಿಕೊಂಡವರು ಯಾರಾದರೂ ಇದ್ದರೆ ಹೇಳಿಬಿಡಿ ಎಂದು ಕೂಗುತ್ತಾನೆ. ಜಗಲಿಯಲ್ಲಿ ಆಡಿದ ಮಾತು ಸತ್ತವನ ಜೊತೆ ಹೋಗುತ್ತದೆ, ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ. ಸಾಮಾನ್ಯವಾಗಿ ಯಾರೂ ಏನೂ ಹೇಳುವುದಿಲ್ಲ. ಬಹಳವೆಂದರೆ ಯಾರೋ ಒಬ್ಬರು, ಹೊಲದ ಬದುವಿನ ಜಗಳ ಮರೆತೆ ಹೋಗಪ್ಪ, ಎನ್ನುತ್ತಾರೆ. ಇವತ್ತು ಬಾಳೆಕಟ್ಟೆಯವರು ಟ್ರಾಕ್ಟರು ತುಂಬ ಬಂದಿದ್ದರು. ನಮ್ಮ ಸೇತುವೆ ಕದ್ದವನು ನೀನು ಎಂಬ ಮಾತನ್ನು ಊರೆಲ್ಲ ಕೇಳುವಂತೆ ಗಂಡನ ಎದೆಯ ಮೇಲೆ ಇಟ್ಟು ಕಳಿಸಿದರೆ ತಾನು ಉಳಿದ ದಿನಗಳನ್ನು ಹೇಗೆ ಕಳೆಯುವುದು ಎಂದು ಅವಳಿಗೆ ಹೆದರಿಕೆಯಾಯಿತು.

ಸೆರಗಿನೊಳಗಿನ ಗಂಟಿನಲ್ಲಿ ಒಂದು ತೆಂಗಿನ ಚಿಪ್ಪಿತ್ತು, ಚಿಪ್ಪಿನ ತುಂಬ ಬೀಜ. ಇಪ್ಪತ್ತೆಂಟು ವರ್ಷ ಅಟ್ಟದ ಮೇಲಿದ್ದ ಗಂಟು ಅದು. ಮುಟ್ಟಬೇಡ ಎಂದು ಗಂಡ ಹೇಳಿದ್ದ, ಅವಳು ಮುಟ್ಟಿರಲಿಲ್ಲ. ಅದರಲ್ಲಿರುವುದು ಗಾಡಿಗಳ ಲೆಕ್ಕದ ಬೀಜ ಎಂದು ಅವಳ ಎಣಿಕೆ. ಅದನ್ನು ಗುಂಡಿಯಲ್ಲಿ ಅವನ ಕೈಯ ಹತ್ತಿರ ಇಟ್ಟು ಮಣ್ಣು ಮುಚ್ಚುವಂತೆ ಶಿವರಾಜುವಿಗೆ ಬೆಳಗ್ಗೆಯೇ ಹೇಳಿದ್ದಳು.

*

ಆಗ ಊರಿಗೂ ಟಾರು ರಸ್ತೆಗೂ ನಡುವೆ ಎಮ್ಮೆಹಳ್ಳ ಇತ್ತು, ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಕಾಲು ಹೂಳುವ ಮರಳು, ಮಳೆಗಾಲದಲ್ಲಿ ಸೊಂಟದ ಮಟ್ಟ ನೀರು. ಎಂಟು ಮೈಲಿ ಕೆಳಗೆ ಅದೇ ಹಳ್ಳದ ದಡದಲ್ಲಿದ್ದ ಬಾಳೆಕಟ್ಟೆಯದೂ ಅದೇ ಪಾಡು. ಎರಡೂ ಊರಿನವರು ಅರ್ಜಿ ಬರೆದು ಬರೆದು ಕೈ ಸೋತಿದ್ದರು. ಆ ವರ್ಷ ಸರ್ಕಾರ ಒಂದು ಸೇತುವೆಗೆ ಒಪ್ಪಿತು. ಎರಡಕ್ಕಲ್ಲ, ಒಂದಕ್ಕೆ.

ಇಂಜಿನಿಯರ್ ಶ್ರೀನಿವಾಸ್ ಅವರು ಶ್ರೀರಂಗಯ್ಯನನ್ನು ಕಚೇರಿಗೆ ಕರೆಸಿದರು. "ನೋಡಿ ರಂಗಯ್ಯ, ಸೇತುವೆಗೆ ಹದಿನೆಂಟು ಲಕ್ಷ ಆಗುತ್ತೆ. ಅಷ್ಟು ಹಾಕಿದ್ರೆ ಜನಕ್ಕೆ ಉಳಿಯೋದೆಷ್ಟು ಅಂತ ಮೇಲಿನವರಿಗೆ ತೋರಿಸ್ಬೇಕು. ಟೈಮು, ಸುತ್ತು ದಾರಿ, ಸಾಗಾಟ, ಎಲ್ಲಾ. ಯಾವ ಕಡೆ ಉಳಿತಾಯ ಜಾಸ್ತಿಯೋ ಸೇತುವೆ ಆ ಕಡೆಗೆ. ನೀವು ಮೂರು ದಿನ ನಿಮ್ಮ ಹಳ್ಳದ ಹತ್ರ ಕೂತು ದಾಟೋದನ್ನ ಎಣಿಸಿ. ಬಾಳೆಕಟ್ಟೆಗೆ ಮುಂದಿನ ವಾರ ಇನ್ನೊಬ್ಬನನ್ನ ಕೂರಿಸ್ತೀನಿ."

"ಅದು ನಮ್ಮೂರೇ ಸಾರ್. ನನ್ನ ಕೂರ್ಸಿದ್ರೆ ಜನ ಏನಂದಾರು?"

"ಗೊತ್ತು. ನೀವು ಸುಳ್ಳು ಬರೆಯೋಲ್ಲ ಅನ್ನೋದೂ ಗೊತ್ತು."

ಆ ಒಂದು ಮಾತನ್ನು ಶ್ರೀರಂಗಯ್ಯ ಕೊರಳಿಗೆ ಕಟ್ಟಿಕೊಂಡು ಬಂದ.

ಫಾರಂ ಕೊಟ್ಟಿದ್ದರು. ಕಾರಿಗೆ ಒಂದು, ಲಾರಿಗೆ ಮೂರು, ಸೈಕಲ್ಲಿಗೆ ಅರ್ಧ, ಎತ್ತಿನಗಾಡಿಗೆ ಆರು. ಗಾಡಿ ನಿಧಾನಕ್ಕೆ ಹೋಗುತ್ತ ರಸ್ತೆಯನ್ನೆಲ್ಲ ತಾನೇ ಹಿಡಿದುಕೊಳ್ಳುವುದರಿಂದ ಅದಕ್ಕೆ ಆರು ಎಂದು ಯಾರೋ ದೊಡ್ಡವರು ಮೊದಲೇ ತೀರ್ಮಾನ ಮಾಡಿದ್ದರು. ನಡೆದು ಹೋಗುವವರಿಗೆ ಕಾಲಂ ಇರಲಿಲ್ಲ.

ಹಳ್ಳದ ದಡದ ಹೊಂಗೆಮರದ ಕೆಳಗೆ ಒಂದು ಚಪ್ಪಟೆ ಕಲ್ಲು. ಶ್ರೀರಂಗಯ್ಯ ಅದರ ಮೇಲೆ ಬೆಳಗಿನ ಆರಕ್ಕೆ ಕೂತ. ಎದುರಿಗೆ ತೆಂಗಿನ ಚಿಪ್ಪುಗಳು. ಗಾಡಿ ದಾಟಿದರೆ ಒಂದು ಹೊಂಗೆಬೀಜ, ಸೈಕಲ್ಲಿಗೆ ಒಂದು ಅವರೆಕಾಳು. ಬರೆಯುವುದಕ್ಕೆ ಕಣ್ಣು ಕೆಳಗೆ ಹಾಕಿದರೆ ಅಷ್ಟರಲ್ಲಿ ಒಂದು ದಾಟಿಹೋಗಿರುತ್ತದೆ, ಬೀಜವಾದರೆ ಕೈ ತನ್ನ ಪಾಡಿಗೆ ಹಾಕುತ್ತದೆ, ಕಣ್ಣು ಹಳ್ಳದ ಮೇಲೇ ಇರುತ್ತದೆ ಎಂದು ಅವನ ವಾದ. ಸಂಜೆ ಚಿಪ್ಪು ಸುರಿದು ಎಣಿಸಿ ಫಾರಂ ತುಂಬುವುದು.

ಮಧ್ಯಾಹ್ನ ಭೂತಮ್ಮ ಬುತ್ತಿ ತಂದಳು. ತಲೆಯ ಮೇಲೆ ಹುಲ್ಲಿನ ಹೊರೆ. ಆಚೆ ದಡದ ತೋಟದಿಂದ ಹಳ್ಳ ಹಾದು ಬಂದಿದ್ದಳು, ಸೀರೆ ಮಂಡಿಯವರೆಗೆ ಒದ್ದೆಯಾಗಿತ್ತು. ಚಿಪ್ಪಿನೊಳಗೆ ಇಣುಕಿ ನೋಡಿ, "ನಂಗೆ ಯಾವ ಬೀಜ ಹಾಕಿದ್ರಿ?" ಎಂದಳು.

"ನಿಂಗೆ ಇಲ್ಲ ಕಣೇ. ನಡ್ಕಂಡು ಹೋಗೋರ್ಗೆ ಕಾಲಂ ಇಲ್ಲ."

"ಹುಚ್ಚಣ್ಣನ ಎತ್ತು ಗಾಡಿ ಎಳ್ಕಂಡು ಹೋದ್ರೆ?"

"ಆರು."

"ಎತ್ತಿಗೆ ಆರು, ನಂಗೆ ಸೊನ್ನೆ." ಅವಳು ಬುತ್ತಿಯನ್ನು ಕುಕ್ಕಿಟ್ಟಳು. "ದಿನಾ ನಾಕು ಸಲ ದಾಟ್ತೀನಿ. ಎತ್ತು ಒಂದು ಸಲ ದಾಟ್ತೈತೆ. ನಾಳಿಂದ ಎತ್ತನ್ನೇ ಕೇಳಿ, ಬುತ್ತಿ ತತ್ತೈತಾ ನೋಡಾಣ."

ಅವಳು ಹೋದ ಮೇಲೆ ಶ್ರೀರಂಗಯ್ಯ ಬಹಳ ಹೊತ್ತು ಮುದ್ದೆ ಮುರಿಯದೆ ಕೂತಿದ್ದ. ಆಮೇಲೆ ಇನ್ನೊಂದು ಚಿಪ್ಪು ತಂದು ಪಕ್ಕದಲ್ಲಿಟ್ಟ. ಸಂಜೆ ಮನೆಗೆ ಬಂದು ಮಡಕೆಯಿಂದ ಹುಣಸೆಬೀಜ ಕೇಳಿದ. ಯಾಕೆಂದು ಅವಳು ಕೇಳಿದ್ದಕ್ಕೆ, "ನಾಳಿಂದ ನಡೆಯೋರ್ನೂ ಎಣುಸ್ತೀನಿ. ಯಾರು ಕೇಳ್ಲಿ ಬುಡ್ಲಿ. ಮೊದಲನೇ ಬೀಜ ನಿಂದೇ," ಎಂದ.

ಇಷ್ಟೇ ಆಗಿದ್ದರೆ ಕತೆ ಇರುತ್ತಿರಲಿಲ್ಲ. ಆದರೆ ಗಾಡಿಗೆ ಆರು ಎನ್ನುವ ಮಾತು ಹುಚ್ಚಣ್ಣನ ಕಿವಿಗೂ ಬಿದ್ದಿತ್ತು.

ಎರಡನೆಯ ದಿನ ಬೆಳಗ್ಗೆ ಹುಚ್ಚಣ್ಣನ ಗಾಡಿ ತೆಂಗಿನ ಮಟ್ಟೆ ಹೇರಿಕೊಂಡು ಹಳ್ಳ ದಾಟಿತು. ಎಡಗಡೆಯ ಎತ್ತಿಗೆ ಒಂದು ಕೊಂಬು ಮುರಿದಿತ್ತು. ಅರ್ಧ ಗಂಟೆಗೆ ಅದೇ ಗಾಡಿ ಅದೇ ಮಟ್ಟೆ ಹೇರಿಕೊಂಡು ವಾಪಸು ಬಂತು. ಮತ್ತೆ ಹೋಯಿತು.

"ಎಲ್ಲಿಗೆ ಹುಚ್ಚಣ್ಣ?"

"ಆಚಿಗೆ."

ಇನ್ನೊಂದು ಅರ್ಧ ಗಂಟೆಗೆ, "ಈಗೆಲ್ಲಿಗೆ?"

"ಈಚಿಗೆ. ಮಟ್ಟೆ ನಂದು, ಎತ್ತು ನಂದು, ಹಳ್ಳ ಸರ್ಕಾರದ್ದು. ನೀನು ಬೀಜ ಹಾಕಪ್ಪ, ಮಾತಾಡ್ಬ್ಯಾಡ."

ಶ್ರೀರಂಗಯ್ಯ ಬೀಜ ಹಾಕಿದ. ಹಾಕದೆ ಏನು ಮಾಡಬೇಕಿತ್ತು? ಎಷ್ಟು ಗಾಡಿ ದಾಟಿದವು ಎಂದು ಫಾರಂ ಕೇಳುತ್ತಿತ್ತು, ಯಾರ ಗಾಡಿ, ಯಾಕೆ ದಾಟಿತು ಎಂದು ಕೇಳುತ್ತಿರಲಿಲ್ಲ. ಮೊದಲನೆಯ ದಿನ ನಾಲ್ಕಿದ್ದ ಗಾಡಿ ಎರಡನೆಯ ದಿನ ಹತ್ತೊಂಬತ್ತಾಯಿತು, ಮೂರನೆಯ ದಿನ ಇಪ್ಪತ್ತೆರಡು. ಮುರುಕೊಂಬಿನ ಎತ್ತಿಗೆ ಬಾಯಲ್ಲಿ ನೊರೆ ಬಂದಿತ್ತು.

ಸಂಜೆ ಫಾರಂಗೆ ಸಹಿ ಹಾಕಿ ಬಂದವನು ಭೂತಮ್ಮನ ಎದುರು ಕೂತು, "ಸುಳ್ಳು ಬರೀಲಿಲ್ಲ ಕಣೇ. ನಿಜಾನೂ ಬರೀಲಿಲ್ಲ," ಎಂದ. ಸೇತುವೆ ಮುದ್ದಯ್ಯನಪಾಳ್ಯಕ್ಕೆ ಬಂತೆಂದು ಆರು ತಿಂಗಳಿಗೆ ಗೊತ್ತಾದಾಗ ಊರಿನವರು ಹೋಳಿಗೆ ಮಾಡಿದರು. ಶ್ರೀರಂಗಯ್ಯ ಅವತ್ತು ಹೊಟ್ಟೆನೋವೆಂದು ಮಲಗಿಬಿಟ್ಟ. ಬಾಳೆಕಟ್ಟೆಯವರ ಹಳ್ಳದಲ್ಲಿ ನೀರು ಬಂದ ಪ್ರತಿ ವರ್ಷವೂ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಮುಂದೆ ಅಲ್ಲಿಗೂ ಸೇತುವೆ ಆಯಿತೆಂಬ ಸುದ್ದಿ ಬಂದಾಗ, "ನಡುವಿನ ವರ್ಷ ನೀರಾಗೆ ದಾಟಿದ್ರಲ್ಲ, ಅದನ್ನ ಯಾರು ವಾಪಸ್ ಕೊಡ್ತಾರೆ?" ಎಂದಿದ್ದ.

*

ಚಟ್ಟ ಜಗಲಿಯ ಮುಂದೆ ಬಂತು. ಹೆಣವನ್ನು ಮಲಗಿಸಿದರು. ತಮಟೆ ನಿಂತಿತು. ಊರಿನಲ್ಲಿ ಉಳಿದವರ ಪೈಕಿ ಹುಚ್ಚಣ್ಣನೇ ಹಿರಿಯ, ಕೂಗಬೇಕಾದವನೂ ಅವನೇ. ಅವನು ಬಾಳೆಕಟ್ಟೆಯವರ ಕಡೆ ನೋಡಿ, ಭೂತಮ್ಮನ ಕಡೆ ನೋಡಿ, ತನ್ನಷ್ಟಕ್ಕೆ ಹೇಳಿಕೊಳ್ಳುವವನ ಹಾಗೆ ಗೊಣಗಿದ. "ಯಾರಾರ ಮಾತು ಉಳಿಸ್ಕಂಡಿದ್ರೆ ಹೇಳ್ಬುಡಿ. ಇಲ್ದಿದ್ರೆ ಎತ್ರಪ್ಪ, ಬಿಸ್ಲಾಯ್ತದೆ."

"ಅಜ್ಜ, ಯಾರ್ಗೂ ಕೇಳ್ಸಿಲ್ಲ. ಇನ್ನೊಂದ್ಸಲ ಕೂಗು," ಎಂದ ಶಿವರಾಜು.

ಹುಚ್ಚಣ್ಣ ಅವನನ್ನು ನುಂಗುವಂತೆ ನೋಡಿ ಇನ್ನೊಮ್ಮೆ ಕೂಗಿದ.

"ನಂದೈತೆ," ಎಂದರು ತೋಂಟದಾರ್ಯಪ್ಪ.

ಭೂತಮ್ಮ ಕಣ್ಣು ಮುಚ್ಚಿಕೊಂಡಳು. ಶಾಂತಕುಮಾರಿ ತಾಯಿಯ ಕೈ ಹಿಡಿದಳು.

"ಎಲ್ಡು ಮಾತೈತೆ," ತೋಂಟದಾರ್ಯಪ್ಪ ಊರುಗೋಲಿನ ಮೇಲೆ ಭಾರ ಬಿಟ್ಟು ಹೆಣದ ಮುಖ ನೋಡುತ್ತ ಹೇಳಿದರು. "ತಪ್ಪಾಯ್ತು ಅನ್ನೋದು ಒಂದು. ಉಪಕಾರ ಆಯ್ತು ಅನ್ನೋದು ಒಂದು. ತಪ್ಪಿಂದು ಮೊದ್ಲು ಹೇಳ್ಬುಡ್ತೀನಿ. ಇಪ್ಪತ್ತೆಂಟು ವರ್ಷದಿಂದೆ ನಮ್ಮೂರಿಗೂ ಹಳ್ಳ ಎಣ್ಸೋಕೆ ಬಂದಿದ್ರು. ಗಾಡಿಗೆ ಆರು ಅಂತ ನಮ್ಗೂ ತಿಳೀತು. ಯಾರು ತಿಳಿಸಿದ್ರು ಅಂತ ಈಗ ಬ್ಯಾಡ."

ಹುಚ್ಚಣ್ಣ ಚಟ್ಟದ ಗಂಟನ್ನು ಮತ್ತೊಮ್ಮೆ ಪರೀಕ್ಷಿಸಲು ಬಗ್ಗಿದ.

"ನಾವು ನಾಕು ಗಾಡಿ ಬಾಡಿಗೆಗೆ ಹಿಡಿದು ಮೂರು ದಿನ ಹಳ್ಳದಾಗೆ ಓಡಿಸಿದ್ವಿ. ಅದ್ರಾಗೆ ಒಂದಕ್ಕೆ ಮುರುಕೊಂಬಿನ ಎತ್ತು ಕಟ್ಟಿತ್ತು."

ನೆರೆದಿದ್ದವರಲ್ಲಿ ವಯಸ್ಸಾದವರೆಲ್ಲ ಒಟ್ಟಿಗೆ ಹುಚ್ಚಣ್ಣನ ಕಡೆ ತಿರುಗಿದರು. ಬಗ್ಗಿದವನು ಏಳಲಿಲ್ಲ.

"ಅಜ್ಜ," ಎಂದ ಶಿವರಾಜು, "ಅದು ನಿನ್ನೆತ್ತಲ್ವಾ?"

"ಬಾಡಿಗೆ ಕೊಟ್ರು, ಹೊಡೆದೆ," ಎಂದ ಹುಚ್ಚಣ್ಣ ನೆಲಕ್ಕೆ. "ಇಲ್ಲಿ ಪುಗಸಟ್ಟೆ ಹೊಡೆದಿದ್ದೆ. ಎತ್ತಿಗೆ ಹಿಂಡಿ ಯಾರು ಹಾಕೋರು?"

"ಮೂರ್ನೇ ದಿನ ಇಂಜಿನಿಯರ್ ಸಾಹೇಬ್ರು ಬೈಕಿನಾಗೆ ನಮ್ಮೂರಿಗೆ ಬಂದ್ರು," ತೋಂಟದಾರ್ಯಪ್ಪ ಮುಂದುವರಿಸಿದರು. "ಹಳ್ಳದ ದಡದಾಗೆ ನಿಂತು ಎತ್ತು ನೋಡಿ ನಕ್ಕುಬುಟ್ರು. ಈ ಎತ್ತನ್ನ ಹೋದ ವಾರ ಮುದ್ದಯ್ಯನಪಾಳ್ಯದಾಗೆ ನೋಡಿದ್ನಲ್ಲ, ಎರಡೂರಿನ ಸೇತುವೆಗೂ ಇದೊಂದೇ ಎತ್ತಾ ಅಂದ್ರು. ಬ್ಯಾಗಿನಿಂದ ಎಲ್ಡೂ ಫಾರಂ ತೆಗೆದು, ಕೆಂಪು ಪೆನ್ನಾಗೆ ಎಲ್ಡೂರಿನ ಗಾಡೀನೂ ಹೊಡೆದು ಹಾಕಿದ್ರು. ನಮ್ಮ ಕಣ್ಮುಂದೇನೆ. ಒಂದು ಗಾಡಿ ಉಳೀಲಿಲ್ಲ."

ಭೂತಮ್ಮ ಕಣ್ಣು ಬಿಟ್ಟಳು. "ಏನಂದ್ರಿ?"

"ಗಾಡಿ ಲೆಕ್ಕ ಹೊಡೆದು ಹಾಕಿದ್ರು ತಾಯಿ. ನಿಮ್ದೂ, ನಮ್ದೂ."

"ಹಂಗಾರೆ ಸೇತುವೆ ನಮ್ಮೂರಿಗೆ ಹೆಂಗೆ ಬಂತು?" ಎಂದು ಕೇಳಿದ್ದು ಶಾಂತಕುಮಾರಿ.

"ಅದೇ ಎಲ್ಡ್ನೇ ಮಾತು. ನಾವೂ ಅದ್ನೇ ಕೇಳಿದ್ವಿ, ಗಾಡಿ ಹೋದ್ರೆ ಇನ್ನೇನ್ ನೋಡಿ ಕೊಡ್ತೀರಿ ಸ್ವಾಮಿ ಅಂತ. ಅವ್ರು ನಿಮ್ಮೂರ ಫಾರಂ ತಿರುಗಿಸಿ ಹಿಂದುಗಡೆ ಓದಿದ್ರು. ಇಷ್ಟು ವರ್ಷ ಆದ್ರೂ ನಂಗೆ ಬಾಯಾಗೈತೆ." ತೋಂಟದಾರ್ಯಪ್ಪ ಗಂಟಲು ಸರಿಮಾಡಿಕೊಂಡು, ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದರು. "ದಿನಕ್ಕೆ ಇನ್ನೂರ ಹನ್ನೆರಡು ಜನ ನಡೆದು ದಾಟುತ್ತಾರೆ. ಅದರಲ್ಲಿ ನೂರ ಮೂವತ್ತು ಹೆಂಗಸರು. ತಲೆಯ ಮೇಲೆ ಹೊರೆ ಇರುತ್ತದೆ. ಇವರಿಗೆ ಕಾಲಂ ಇಲ್ಲ. ಆದರೂ ದಾಟುತ್ತಾರೆ."

ಜಗಲಿಯ ಅಂಚಿನಲ್ಲಿ ನಿಂತಿದ್ದ ಹೆಂಗಸರು ಒಂದು ಹೆಜ್ಜೆ ಮುಂದಕ್ಕೆ ಸರಿದರು.

"ನಮ್ಮೂರ ಫಾರಂ ಹಿಂದುಗಡೆ ಖಾಲಿ ಇತ್ತು. ಗಾಡಿ ಹಿಡಿಯೋ ಗದ್ದಲದಾಗೆ ನಮ್ಮ ಹೆಂಗಸ್ರನ್ನ ಎಣ್ಸೋ ಬುದ್ಧಿ ನಮ್ಗೆ ಬರ್ನಿಲ್ಲ. ಇದನ್ನ ಮೇಲಿನೋರ್ಗೆ ಬರೆದು ಒಪ್ಪಿಸ್ತೀನಿ ಅಂದ್ರು ಸಾಹೇಬ್ರು, ಒಪ್ಪಿಸಿದ್ರು. ಮೂರು ವರ್ಷ ಆ ಮನುಷ್ಯನ ಹಿಂದೆ ಬಿದ್ದು ನಮ್ಮೂರಿಗೆ ಇನ್ನೊಂದ್ಸಲ ಎಣಿಕೆ ಹಾಕಿಸ್ಕಂಡ್ವಿ. ಈ ಸಲ ನಾನೇ ಕುಂತೆ, ಮುಂದೆ ಚಿಪ್ಪು ಇಟ್ಕಂಡು. ನಡೆಯೋರ್ನೆಲ್ಲ ಎಣ್ಸಿ ಕೊಟ್ಟೆ. ಸೇತುವೆ ಆಯ್ತು. ನಮ್ಮೂರಾಗೆ ಈಗ್ಲೂ, ಯಾರ ಲೆಕ್ಕಕ್ಕೂ ಸಿಗ್ದೇ ಇರೋದಕ್ಕೆ ರಂಗಯ್ಯನ ಕಾಲಂ ಅಂತೀವಿ."

ಅವರು ಭೂತಮ್ಮನ ಕಡೆ ತಿರುಗಿದರು. "ಸೇತುವೆ ಪೂಜೆಗೆ ಇವ್ರನ್ನ ಕರೆಯೋಕೆ ನಾನು ಈ ಮನೆ ಬಾಗಿಲಿಗೆ ಎಲ್ಡು ಸಲ ಬಂದೆ. ಮನೇಲಿಲ್ಲ ಅಂದ್ರಿ ತಾಯಿ. ಎಲ್ಡ್ನೇ ಸಲ ತೋಟದಾಗವ್ರೆ ಅಂದ್ರಿ. ತೋಟಕ್ಕೆ ಹೋದ್ರೆ ಅಲ್ಲೂ ಇಲ್ಲ. ನಾವು ಗಾಡಿ ಓಡಿಸಿದ್ದು ಗೊತ್ತಾಗೈತೆ, ಸುಳ್ಳು ಲೆಕ್ಕದೋರ ಮುಖ ನೋಡಾಕಿಲ್ಲ ಅಂತ ಕೋಪ ಮಾಡ್ಕಂಡವ್ರೆ ಅಂದ್ಕಂಡ್ವಿ. ನಮ್ಮ ಮೇಷ್ಟ್ರಿಗೆ ಹೆಣ್ಣು ಕೊಡಾಕಿಲ್ಲ ಅಂದಾಗ ಅದು ಖಾತ್ರಿ ಆಯ್ತು. ಇವತ್ತಾದ್ರೂ ಹೇಳ್ಕಬೇಕು ಅಂತ ಬಂದ್ವಿ."

ಭೂತಮ್ಮ ನಕ್ಕಳು.

ಮೊದಲು ಯಾರಿಗೂ ಅದು ನಗು ಎಂದು ಗೊತ್ತಾಗಲಿಲ್ಲ. ಗಂಡ ಸತ್ತ ಹೆಂಗಸು ಹೆಣದ ಪಕ್ಕದಲ್ಲಿ ನಗುವುದನ್ನು ಅಲ್ಲಿ ಯಾರೂ ಕಂಡವರಲ್ಲ. ಪಕ್ಕದ ಮನೆಯ ಚಿಕ್ಕಗೌರಮ್ಮ ನೀರು ತನ್ನಿ ಎಂದಳು. ಭೂತಮ್ಮನಿಗೆ ತಡೆಯಲು ಆಗಲಿಲ್ಲ. ಎರಡು ಸಲವೂ ಬಾಗಿಲಲ್ಲಿ ನಿಂತು ಮನೆಯಲ್ಲಿಲ್ಲ ಎಂದವಳು ಅವಳೇ. ಎರಡು ಸಲವೂ ಹಿತ್ತಲ ಬಾಗಿಲಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದವನ ಬೆನ್ನು ಅವಳ ಕಣ್ಣಿಗೆ ಕಟ್ಟಿತು. ಇವನು ಅವರಿಗೆ ಹೆದರಿ ಓಡಿದ್ದ, ಅವರು ಇವನ ಕೋಪಕ್ಕೆ ಹೆದರಿ ಸುಮ್ಮನಿದ್ದರು.

"ಕೋಪ ಎಲ್ಲಿಂದ ಬತ್ತದೆ ಯಜಮಾನ್ರೆ," ಎಂದಳು ಅವಳು, ನಗು ಅಳುವಾಗುತ್ತಿತ್ತು. "ನಿಮ್ಮ ಸೇತುವೆ ಕದ್ದೆ ಅಂತವ, ನಿಮ್ಮೂರ ಹೆಸ್ರು ಹೇಳಿದ್ರೆ ಹಿತ್ತಲಾಗೆ ಓಡೋಗೋರು. ನಿಮ್ಗೆ ಹೆದ್ರಿಕಂಡು ಕಾಲ ಹಾಕ್ಬುಟ್ರು."

"ಹಂಗಾರೆ ಮೇಷ್ಟ್ರ ಕಿವಿ?" ಎಂದಳು ಶಾಂತಕುಮಾರಿ.

"ಕಿವಿ ಸರ್ಯಾಗೇ ಇತ್ತು ಕಣವ್ವ. ನಿಮ್ಮಪ್ಪಂಗೇ ಕೇಳ್ನಿಲ್ಲ," ಎಂದಳು ಭೂತಮ್ಮ.

ಜನರ ನಡುವೆ ತಡೆದು ತಡೆದು ಬಂದ ನಗು ಒಂದು ಸುತ್ತು ಹೋಯಿತು. ಸಾವಿನ ಮನೆಯೆಂದು ನೆನಪಾಗಿ ಕೆಲವರು ಟವಲು ಬಾಯಿಗೆ ಹಿಡಿದರು. ಹುಚ್ಚಣ್ಣ ಕೊನೆಗೂ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು. "ಊರೋರು ಹೊಡೀತಾರೆ ಅಂತ ಬಾಡಿಗೆಗೆ ಹೋಗಿದ್ದು ಹೇಳ್ನಿಲ್ಲ ಕಣವ್ವ. ಹೇಳಿದ್ರೆ ಅವ್ನು ಒಂದಿನ ಆದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದ," ಎಂದ.

ಭೂತಮ್ಮನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಹುಡುಕಿದರೂ ಸಿಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಿತ್ತು, ಬೇರೆ ಯಾವುದಕ್ಕೂ ಅವಳಲ್ಲಿ ಜಾಗವಿರಲಿಲ್ಲ. ಚಟ್ಟದ ಮೇಲೆ ಬಗ್ಗಿ, ಹತ್ತಿ ಇಟ್ಟಿದ್ದ ಗಂಡನ ಕಿವಿಯ ಹತ್ತಿರ ಬಾಯಿಟ್ಟಳು.

"ಕೇಳಿಸ್ತಾ? ಗಾಡೀನೆಲ್ಲ ಹೊಡೆದು ಹಾಕಿದ್ರಂತೆ. ಒಂದೂ ಉಳೀಲಿಲ್ವಂತೆ. ನೀವು ಕದೀಲಿಲ್ಲ ಕಣ್ರೀ."

ಹತ್ತಿ ತೆಗೆದು ಇನ್ನೊಮ್ಮೆ ಹೇಳಿದಳು.

*

ಶ್ರೀರಂಗಯ್ಯನ ತೋಟ ಹಳ್ಳದಾಚೆ ಇತ್ತು, ಗುಂಡಿಯನ್ನು ಅಲ್ಲೇ ತೋಡಿದ್ದರು. ಈ ಊರಿನಲ್ಲಿ ಹೆಂಗಸರು ಹೆಣದ ಜೊತೆ ಹಳ್ಳದವರೆಗೆ ಮಾತ್ರ ಹೋಗುತ್ತಾರೆ. ಸೇತುವೆ ಇಲ್ಲದ ಕಾಲದಲ್ಲಿ ಆದ ಪದ್ಧತಿ ಅದು. ಸೇತುವೆ ಬಂದಿತು, ಪದ್ಧತಿ ಅಲ್ಲೇ ಉಳಿಯಿತು.

ಹೊಂಗೆಮರದ ಕೆಳಗಿನ ಚಪ್ಪಟೆ ಕಲ್ಲಿನ ಮೇಲೆ ಭೂತಮ್ಮ ಕುಳಿತುಕೊಂಡಳು. ಶಾಂತಕುಮಾರಿ ಪಕ್ಕದಲ್ಲಿ ನಿಂತಳು. ಬೆಂಕಿಯ ಮಡಕೆ ಹಿಡಿದ ಶಿವರಾಜು ಹತ್ತಿರ ಬಂದು, "ದೊಡ್ಡವ್ವ, ಆ ಗಂಟು ಕೊಡು. ಗುಂಡಿಗೆ ಇಡು ಅಂದಿದ್ಯಲ್ಲ," ಎಂದ.

"ಬ್ಯಾಡ ಬುಡು. ನೀನು ನಡಿ."

ಅವಳು ಗಂಟನ್ನು ಸೆರಗಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಬಿಚ್ಚಿದಳು. ಬಟ್ಟೆ ಹಳೆಯದಾಗಿ ಮುಟ್ಟಿದಲ್ಲೆಲ್ಲ ಹರಿಯಿತು. ಚಿಪ್ಪಿನೊಳಗೆ ಹೊಂಗೆಬೀಜ ಇರಲಿಲ್ಲ. ಕಂದು ಬಣ್ಣದ ಹುಣಸೆಬೀಜ ಚಿಪ್ಪಿನ ತುಂಬ ಮಿನುಗುತ್ತಿತ್ತು. ಇಷ್ಟು ವರ್ಷ ಅವನು ಅಟ್ಟದ ಮೇಲೆ ಇಟ್ಟುಕೊಂಡಿದ್ದದ್ದು ಗಾಡಿಗಳನ್ನಲ್ಲ.

"ಏನವ್ವ ಅದು?" ಎಂದಳು ಮಗಳು.

"ನಾನು. ಪಕ್ಕದ್ಮನೆ ಚಿಕ್ಕಗೌರಮ್ಮ. ನೀನೂ ಇದೀಯ ಇದ್ರಾಗೆ, ಸ್ಕೂಲಿಗೆ ಹೋಗ್ತಿದ್ಯಲ್ಲ."

ತಮಟೆಯವರು ಸೇತುವೆ ಹತ್ತಿದರು. ಹಿಂದೆ ಚಟ್ಟ. ನಾಲ್ವರು ಹೊತ್ತಿದ್ದರು, ಹಿಂದಿನ ಎಡಗಡೆಯ ಬಿದಿರಿಗೆ ಬಾಳೆಕಟ್ಟೆಯವನೊಬ್ಬ ಹೆಗಲು ಕೊಟ್ಟಿದ್ದ. ಭೂತಮ್ಮನ ಕೈ ತನ್ನಷ್ಟಕ್ಕೆ ಚಿಪ್ಪಿಗೆ ಹೋಯಿತು. ಒಬ್ಬೊಬ್ಬರು ದಾಟಿದಂತೆ ಒಂದೊಂದು ಬೀಜ ಎತ್ತಿ ಮಡಿಲಿಗೆ ಹಾಕತೊಡಗಿದಳು. ಕಣ್ಣು ಸೇತುವೆಯ ಮೇಲೇ ಇತ್ತು.

"ಅಪ್ಪಂಗೆ ಹಾಕಿದ್ಯಾ?" ಎಂದು ಕೇಳಿದಳು ಶಾಂತಕುಮಾರಿ.

ಭೂತಮ್ಮ ಸ್ವಲ್ಪ ಯೋಚನೆ ಮಾಡಿದಳು. "ಅವ್ರು ನಡ್ಕಂಡು ಹೋಗ್ತಿಲ್ವಲ್ಲೇ. ನಿಧಾನಕ್ಕೆ ರಸ್ತೆಯೆಲ್ಲ ಹಿಡ್ಕಂಡು ಹೋಗ್ತಾವ್ರೆ. ಗಾಡಿ ಲೆಕ್ಕ. ಆರು."

ಆರು ಬೀಜ ಎಣಿಸಿ ಹಾಕಿದಳು.

ಊರಿನವರು ದಾಟಿದರು. ಇಲಾಖೆಯಲ್ಲಿ ಜೊತೆಗೆ ಕೆಲಸ ಮಾಡಿದ್ದ ಮುದುಕರು, ತುರುವೇಕೆರೆಯಿಂದ ಬಂದ ಅಳಿಯನ ಕಡೆಯವರು, ತೋಟದಲ್ಲಿ ಕಾಯಿ ಕೀಳುವವರು, ಮಟ್ಟೆ ಸುಲಿಯುವವರು ದಾಟಿದರು. ಹುಚ್ಚಣ್ಣ ಮೊಮ್ಮಗನ ಭುಜ ಹಿಡಿದು ದಾಟಿದ. ತೋಂಟದಾರ್ಯಪ್ಪ ಟ್ರಾಕ್ಟರು ಬೇಡವೆಂದು ಊರುಗೋಲೂರುತ್ತ ತಮ್ಮವರೊಡನೆ ಹಿಂದಿನಿಂದ ನಡೆದು ಬರುತ್ತಿದ್ದರು. ಅವರ ಹಿಂದೆ, ತಿಪಟೂರಿನ ಬಸ್ಸಿಳಿದು ಈಗಷ್ಟೇ ಬಂದು ಮಣ್ಣಿಗಾದರೂ ಸಿಕ್ಕೋಣವೆಂದು ಊರೊಳಗಿಂದ ಓಡಿ ಬರುತ್ತಿದ್ದ ಇನ್ನೊಂದಷ್ಟು ಜನ.

ಭೂತಮ್ಮ ಚಿಪ್ಪಿಗೆ ಕೈ ಹಾಕಿದಳು. ಬೆರಳಿಗೆ ಬರಿಯ ಚಿಪ್ಪು ತಗುಲಿತು. ಸೇತುವೆಯ ಮೇಲೆ ಜನ ಇನ್ನೂ ನಡೆಯುತ್ತಲೇ ಇದ್ದರು. ಅವಳು ಅವರ ಮೇಲಿಂದ ಕಣ್ಣು ತೆಗೆಯದೆ, ಮಂಡಿಯ ನೋವಿಗೆ ಒಂದು ಕೈ ಕಲ್ಲಿಗೆ ಊರಿ, ಇನ್ನೊಂದು ಕೈಯಿಂದ ಮರದ ಬುಡದಲ್ಲಿ ಉದುರಿದ್ದ ಹೊಂಗೆಬೀಜಗಳನ್ನು ತಡಕಿ ಹೆಕ್ಕತೊಡಗಿದಳು.